ಬೇಕಾದವರ ಪಟ್ಟಿ

ಮೂರನೆಯ ಸಲವೂ ಕಂಪ್ಯೂಟರು ಮಾಲತೇಶನನ್ನು ಒಳಗೆ ಬಿಡಲಿಲ್ಲ. ಪಾಸ್‌ವರ್ಡ್ ತಪ್ಪು ಎಂದು ಕೆಂಪಕ್ಷರದಲ್ಲಿ ಹೇಳಿ, ಅವನು ಅದುವರೆಗೆ ಏನನ್ನೂ ಬರೆದೇ ಇರಲಿಲ್ಲವೆಂಬಂತೆ ಖಾಲಿ ಚೌಕವನ್ನು ಮತ್ತೆ ಮುಂದೆ ಹಿಡಿಯಿತು. ಹರಿಹರದ ಬಸ್‌ಸ್ಟ್ಯಾಂಡಿನ ಎದುರು, ಮೊನ್ನೆಮೊನ್ನೆಯವರೆಗೂ ಬರೀ ಎಸ್‌ಟಿಡಿ ಬೂತಾಗಿದ್ದ ಲಾಲ್ ಸಾಬನ ಅಂಗಡಿಯಲ್ಲಿ, ಎರಡು ಪ್ಲೈವುಡ್ ಹಲಗೆಗಳ ನಡುವೆ ಮೊಣಕಾಲು ಮಡಚಿ ಕೂತಿದ್ದ ಅವನಿಗೆ ಬೆನ್ನಿನ ಹಿಂದೆ ಯಾರೋ ನಿಂತಿದ್ದು ತಿಳಿಯಿತು. ಪಾಸ್‌ವರ್ಡ್ ಇಟ್ಟವನು ಅವನೇ. ಹೆಂಡತಿಯ ಹೆಸರು, ವಾಣಿ. ಅದು ತಪ್ಪಾಗುವುದು ಹೇಗೆ?

"ಮನೆಯೋರ ಹೆಸ್ರು ಇಟ್ಟಿದ್ರೇನ್ರಿ?" ಅಂದ ಲಾಲ್ ಸಾಬ್. "ಎಲ್ಲಾರೂ ಅದನ್ನೇ ಇಡ್ತಾರ್ರಿ. ನಮ್ಮ ಗಿರಾಕಿ ಒಬ್ರು ಎರಡು ಹೆಸ್ರು ಇಟ್ಟಿದ್ರು. ಯಾವ್ದು ಈಗ ನಡೀತೈತೆ ಅಂತ ಅವರಿಗೇ ಮರ್ತುಹೋಗ್ತಿತ್ತು."

ಮಾಲತೇಶ ನಕ್ಕ. ನಗಬೇಕಾದಲ್ಲಿ ನಗುವುದನ್ನು ಅವನು ಮದುವೆಯಾದ ಮೇಲೆ ಚೆನ್ನಾಗಿ ಕಲಿತಿದ್ದ. ನಗುತ್ತಿರುವಾಗಲೇ ಅರ್ಥವಾಯಿತು: ಹೆಂಡತಿಯ ತಮ್ಮ ಬಕ್ಕೇಶ ಕಾರ್ಖಾನೆಯ ಇ-ಮೇಲಿನ ಪಾಸ್‌ವರ್ಡ್ ಬದಲಾಯಿಸಿದ್ದಾನೆ. ಬದಲಾಯಿಸಿದ್ದನ್ನು ಹೇಳಿಲ್ಲ. ಹೇಳಿದರೆ ಭಾವನಿಗೆ ನಾಚಿಕೆಯಾದೀತೆಂದು ಹೇಳಿಲ್ಲ. ಅವನಿದ್ದ ಆ ಮಾವನ ಮನೆಯಲ್ಲಿ ಎಲ್ಲರೂ ಅವನ ನಾಚಿಕೆಯನ್ನು ಹೀಗೆ ತಮ್ಮ ಮಕ್ಕಳಂತೆ ಎತ್ತಿಕೊಂಡು ಜೋಪಾನ ಮಾಡುತ್ತಿದ್ದರು.

ಅದರಾಚೆ, ಆ ಖಾಲಿ ಚೌಕದ ಆಚೆ, ಕೊಲ್ಲಾಪುರದಿಂದ ಒಂದು ಪತ್ರ ಬಂದಿರಬಹುದು. ಬಂದಿದ್ದರೆ ಅದು ಎಲ್ಲಿ ಬಿದ್ದಿರುತ್ತದೆಂಬುದೂ ಅವನಿಗೆ ಗೊತ್ತಿತ್ತು. ಜಂಕ್ ಎಂಬ ಹೆಸರಿನ ಫೋಲ್ಡರಿನಲ್ಲಿ, ಸಾಲ ಕೊಡುತ್ತೇವೆನ್ನುವವರ, ಕೂದಲು ಬರಿಸುತ್ತೇವೆನ್ನುವವರ, ಬಟ್ಟೆಯಿಲ್ಲದ ಹೆಂಗಸರ ನಡುವೆ, ಕೆಸರಿಗೆ ಬಿದ್ದ ಲಗ್ನಪತ್ರಿಕೆಯಂತೆ. ವಾರಕ್ಕೊಮ್ಮೆ ಆ ಫೋಲ್ಡರು ತಾನಾಗಿ ಅಳಿಸಿಹೋಗುತ್ತಿತ್ತು. ಶ್ರಾವಣದಲ್ಲಿ ಬೇರಿಂಗ್ ತರುತ್ತೇನೆಂದು ಸುಳ್ಳು ಹೇಳಿ ಹುಬ್ಬಳ್ಳಿಗೆ ಹೋಗಿ, ಲಾಡ್ಜಿನ ಕೋಣೆಯೊಂದರಲ್ಲಿ ಕೂತಿದ್ದ ಕೊಲ್ಲಾಪುರದ ಫೌಂಡ್ರಿಯವರಿಗೆ ಸಂದರ್ಶನ ಕೊಟ್ಟು ಬಂದಿದ್ದ. ಎರಕದ ಗುಣಮಟ್ಟ ಪರೀಕ್ಷಿಸುವ ಕೆಲಸ. ದೊಡ್ಡದೇನಲ್ಲ, ಮಾವನ ಕಾರ್ಖಾನೆಯಲ್ಲಿ ಅವನಿಗಿದ್ದ ಕುರ್ಚಿಗಿಂತ ಸಣ್ಣ ಕುರ್ಚಿಯೇ. ಆದರೆ ಅಲ್ಲಿ ಯಾರೂ ಅವನನ್ನು ಹಾಲೇಶಪ್ಪನೋರ ಅಳಿಯ ಎಂದು ಪರಿಚಯ ಮಾಡಿಕೊಡುತ್ತಿರಲಿಲ್ಲ. ತಿಳಿಸುವುದಕ್ಕೆ ವಿಳಾಸ ಕೊಡಿ ಎಂದರು. ಮನೆಗೆ ಬಂದ ಕಾಗದವನ್ನೆಲ್ಲ ಅತ್ತೆ ಒಡೆಯುತ್ತಿದ್ದರು, ಕೆಟ್ಟ ಬುದ್ಧಿಯಿಂದಲ್ಲ, ಯಾರದೋ ಸಾವಿನ ಸುದ್ದಿ ಇದ್ದರೆ ತಡವಾಗಬಾರದೆಂದು. ಫೋನು ನಡುಮನೆಯಲ್ಲಿತ್ತು. ಅದಕ್ಕೇ ಕಾರ್ಖಾನೆಯ ಇ-ಮೇಲ್ ವಿಳಾಸ ಬರೆದುಕೊಟ್ಟಿದ್ದ. ಅದನ್ನು ತೆರೆಯುವವನು ಆಗ ಅವನೊಬ್ಬನೇ. ಅಲ್ಲದೆ ಬರೆದುಕೊಡುವಾಗ ಒಂದು ಸಣ್ಣ ಜಂಬವೂ ಇತ್ತು. ಉಳಿದ ಅಭ್ಯರ್ಥಿಗಳಿಗೆ ಇ-ಮೇಲ್ ಇರಲಿಲ್ಲ. ಆಮೇಲೆ ಬೇರೆ ವಿಳಾಸ ಮಾಡಿಕೊಂಡು, ಅಲ್ಲಿಗೆ ಬೇಡ ಇಲ್ಲಿಗೆ ಬರೆಯಿರಿ ಎಂದು ತಿಳಿಸೋಣವೆಂದು ಎಷ್ಟೋ ಸಲ ಅಂದುಕೊಂಡಿದ್ದ. ತನ್ನ ವಿಳಾಸಕ್ಕೇ ಹೆದರುವ ಮನುಷ್ಯ ಇವನೆಂಥವನು ಎಂದು ಅವರು ಯೋಚಿಸುವುದನ್ನು ಕಲ್ಪಿಸಿಕೊಂಡು ಸುಮ್ಮನಾಗಿದ್ದ.

ಬಸ್ಸಿಗಿನ್ನೂ ಹೊತ್ತಿತ್ತು. ಅಣ್ಣನ ಮನೆಗೆ ಹೋದ. ಅವ್ವ ಭೀಮವ್ವ ಮಗ ಬಂದನೆಂದು ಹೊರಸಿನ ಮೇಲಿನ ಕೌದಿ ತೆಗೆದು ಪೆಟ್ಟಿಗೆಯಿಂದ ಹೊಸ ಚಾದರ ಹಾಸಿದಳು. ಈ ಚಾದರ ನೆಂಟರಿಗೆ ಹಾಸುವುದು. ಅವನು ಹುಟ್ಟಿ ಬೆಳೆದ ಈ ಪಡಸಾಲೆಯಲ್ಲಿ ಚಾದರದ ಅಂಚಿಗೆ ಕೂತ.

"ಮಾವಾರ ಬೆನ್ನು ನೋವು ಹೆಂಗೈತಪ್ಪ? ಬಕ್ಕೇಶಪ್ಪನ ಲಗ್ನ ಎಂದು ಇಟ್ಕಂಡಾರೆ?" ಒಬ್ಬೊಬ್ಬರನ್ನೇ ಕೇಳಿದಳು. ಕೊನೆಗೆ, "ನಿಂಗೇನು ಕಡಿಮಿ ಐತೆ ಬಿಡು ತಮ್ಮ," ಅಂದಳು. ಅದು ಪ್ರಶ್ನೆಯಾಗಿದ್ದರೆ ಉತ್ತರಿಸಬಹುದಿತ್ತು.

ಬಸ್ಸು ತುಂಗಭದ್ರೆಯನ್ನು ಹಿಂದೆ ಬಿಟ್ಟು ದಾವಣಗೆರೆಯ ಕಡೆ ಓಡುವಾಗ ಕಿಟಕಿಯ ಗಾಜಿನಲ್ಲಿ ತನ್ನ ಮುಖ, ಅದರ ಮೂಲಕ ಕಬ್ಬಿನ ಗದ್ದೆ. ಕಡಿಮೆ ಏನಿದೆ? ಮಾವನ ಮನೆಯಲ್ಲಿ ಯಾರೂ ಅವನನ್ನು ಒಂದು ದಿನವೂ ನೋಯಿಸಿರಲಿಲ್ಲ. ಆದ್ದರಿಂದಲೇ ನೋವಾಗಿದೆ ಎಂದು ಹೇಳುವುದಕ್ಕೆ ಅಲ್ಲಿ ಜಾಗವಿರಲಿಲ್ಲ. ಅಣ್ಣನ ಮಿಲ್ಲು ಮುಚ್ಚಿ ಮನೆ ಕಂಗಾಲಾದಾಗ ಹುಡುಗ ಇಂಜಿನಿಯರು, ಗುಣವಂತ ಎಂದು ತಾವಾಗಿ ಕೇಳಿಕೊಂಡು ಬಂದವರು. ಮಗಳನ್ನು ಕೊಟ್ಟು, ಮನೆಯ ಮಹಡಿಯ ಕೋಣೆ ಕೊಟ್ಟು, ಕರೂರಿನ ಕೈಗಾರಿಕಾ ಪ್ರದೇಶದಲ್ಲಿ ಹಿಟ್ಟಿನ ಗಿರಣಿಗಳ ಬಿಡಿಭಾಗ ಮಾಡುವ ತಮ್ಮ ಕಾರ್ಖಾನೆಯಲ್ಲಿ ಕುರ್ಚಿ ಕೊಟ್ಟವರು. ಊಟಕ್ಕೆ ಕೂತಾಗ ಮೊದಲ ರೊಟ್ಟಿ ಅಳಿಯನ ತಟ್ಟೆಗೆ. ಅವನು ತಿನ್ನುವುದನ್ನೇ ಎಲ್ಲರೂ ನೋಡುತ್ತಿದ್ದರು, ಸಾಕು ಅನ್ನುವ ಮೊದಲೇ ಇನ್ನೊಂದು ಬೀಳುತ್ತಿತ್ತು.

ಕಂಪ್ಯೂಟರ್ ತರಿಸಿದ್ದೂ ಅವನ ಮಾತಿಗೆ ಬೆಲೆ ಕೊಟ್ಟೇ. ಹೊಸ ಸಾವಿರದ ಇಸವಿ ಬಂದರೆ ಜಗತ್ತಿನ ಕಂಪ್ಯೂಟರುಗಳೆಲ್ಲ ನಿಂತುಹೋಗುತ್ತವಂತೆ ಎಂದು ಯಾರೋ ಹೆದರಿಸಿದರೂ ಹಾಲೇಶಪ್ಪ, "ನಿಲ್ಲೋತನ ನಡೀಲಿ," ಅಂದಿದ್ದರು. ಆಯುಧಪೂಜೆಯ ದಿನ ಅದಕ್ಕೂ ಚೆಂಡುಹೂವಿನ ಹಾರ, ಗಾಜಿಗೆ ಮೂರು ಬೆರಳಿನ ವಿಭೂತಿ. ಬಕ್ಕೇಶನಿಗೆ ಹೆಣ್ಣು ಕೊಡುವ ಶಾಮನೂರಿನ ಬೀಗರು ಬಂದಿದ್ದರು. "ನಮ್ಮ ಅಳಿಯಂದ್ರು ದೇಶದಿಂದೆಲ್ಲ ಆರ್ಡರ್ ತರಿಸ್ತಾರೆ, ತೋರಿಸ್ರಿ ಒಂದೀಟು," ಎಂದು ಮಾವ ಕುರ್ಚಿ ಎಳೆದುಕೊಂಡು ಮುಂದೆ ಕೂತರು. ಮೋಡೆಮ್ಮು ಕಿರುಚಿ ಸುಮ್ಮನಾಯಿತು, ಪರದೆ ನಿಧಾನವಾಗಿ ತುಂಬಿತು. ತಮ್ಮ ಇಂಗ್ಲಿಷನ್ನು ಬೀಗರಿಗೆ ತೋರಿಸಲೆಂದು ಹಾಲೇಶಪ್ಪ ಮೊದಲ ಸಾಲನ್ನು ಬೆರಳಿಟ್ಟು ಗಟ್ಟಿಯಾಗಿ ಓದತೊಡಗಿದರು. ಎರಡನೆಯ ಶಬ್ದಕ್ಕೆ ಬಂದಾಗ ಬೀಗರ ಹಿರಿಯ ಮಗ ಕೆಮ್ಮಿದ. ಮೂರನೆಯದಕ್ಕೆ ಮಾವ ತಾವೇ ನಿಂತರು. ಬೆರಳು ಮಾತ್ರ ಗಾಜಿನ ಮೇಲೆ, ವಿಭೂತಿಯ ಕೆಳಗೆ, ಹಾಗೇ ಉಳಿಯಿತು.

ಮರುದಿನವೇ ಇಂಥ ಹೊಲಸು ಪತ್ರಗಳನ್ನು ಸೋಸುವ ವ್ಯವಸ್ಥೆಯಾಯಿತು. ಅಡ್ರೆಸ್ ಬುಕ್ಕಿನಲ್ಲಿ ಯಾರ ವಿಳಾಸವಿದೆಯೋ ಅವರ ಪತ್ರ ಮಾತ್ರ ಇನ್‌ಬಾಕ್ಸಿಗೆ, ಉಳಿದದ್ದೆಲ್ಲ ಜಂಕಿಗೆ. ಇದನ್ನು ಮಾಲತೇಶ ವಿವರಿಸಿದಾಗ ಹಾಲೇಶಪ್ಪನವರಿಗೆ ಬಹಳ ಮೆಚ್ಚಿಗೆಯಾಯಿತು. ಲಗ್ನಪತ್ರಿಕೆಯ ಪಟ್ಟಿ ಮಾಡುವಾಗ ಕೂರುವಂತೆ ಚಕ್ಕಳಮಕ್ಕಳ ಹಾಕಿ ಕುರ್ಚಿಯ ಮೇಲೇ ಕೂತರು.

"ಬರೀರಿ ಮಾಲತೇಶಪ್ಪ. ನಾಸಿಕದ ಪಾರ್ಟಿ. ಇಂದೋರಿನೋರು. ಆಮ್ಯಾಗ ನಮ್ಮ ಶಾಮನೂರು ಬೀಗ್ರು."

"ಅವರಿಗೆ ಇ-ಮೇಲ್ ಇಲ್ಲ ಮಾವ."

"ಇಲ್ದಿದ್ರೆ ಏನಾತು? ನಾಳೆ ತಗಂಡ್ರೆ? ಬೇಕಾದೋರ ಪಟ್ಟಿಯಾಗ ತಮ್ಮ ಹೆಸ್ರೇ ಇಲ್ಲ ಅಂತ ಗೊತ್ತಾದ್ರೆ ಏನಂದ್ಕಂತಾರೆ? ಬರೀರಿ. ಮಠದ್ದೂ ಹಾಕ್ರಿ. ಆವರಗೆರೆ ಸೋದರತ್ತೆ ಮಗನ್ನ ಬಿಟ್ಟೀರಿ."

ವಿಳಾಸ ಹಾಕದೆ ಹೆಸರನ್ನು ಒಪ್ಪದ ಆ ಅಡ್ರೆಸ್ ಬುಕ್ಕಿಗೆ ಮಾಲತೇಶ ತೋಚಿದ ವಿಳಾಸಗಳನ್ನು ಹುಟ್ಟಿಸಿ ಹಾಕಿದ. ಕಂಪ್ಯೂಟರನ್ನೇ ನೋಡದ ಸೋದರತ್ತೆಯ ಮಗ, ಮಾವನ ತೀರಿಕೊಂಡ ಗೆಳೆಯರೊಬ್ಬರು, ಎಲ್ಲರೂ ಒಳಗೆ ಬಂದರು. ಅವರಲ್ಲಿ ಯಾರೂ ಎಂದೂ ಬರೆಯುವವರಲ್ಲ. ಆದರೆ ಬರೆದರೆ ಬಾಗಿಲು ತೆರೆದಿತ್ತು. ಕೊನೆಯಲ್ಲಿ ಹಾಲೇಶಪ್ಪ ಅವನ ಭುಜದ ಮೇಲೆ ಕೈಯಿಟ್ಟು, "ನಿಮ್ಮ ಕಡೆಯೋರು ಯಾರಾದ್ರೂ ಇದ್ರೆ ಹಾಕ್ಕಳ್ರಿ, ನನ್ನ ಕೇಳಬ್ಯಾಡ್ರಿ," ಅಂದರು. ಕೊಲ್ಲಾಪುರದ ವಿಳಾಸ ಬೆರಳ ತುದಿಗೆ ಬಂದು ನಿಂತಿತ್ತು. ಒಂದು ಸಾಲು ಸಾಕಾಗಿತ್ತು. ಆದರೆ ಆ ಪಟ್ಟಿಯನ್ನು ಮಾವ ಅಚ್ಚು ಹಾಕಿಸಿ ಫೋನಿನ ಮೇಲಿನ ಗೋಡೆಗೆ ಅಂಟಿಸುವವರು, ಬಂದವರಿಗೆಲ್ಲ ಓದಿ ಹೇಳುವವರು. ಬೇಕು ಎಂದು ಬರೆದರೆ ಯಾಕೆ ಬೇಕು ಎಂದೂ ಹೇಳಬೇಕಾಗುತ್ತಿತ್ತು.

"ಯಾರೂ ಇಲ್ಲ ಮಾವ."

ಹೀಗಾಗಿ ಅವನು ಕೊಳೆಯಲ್ಲಿ ಹುಡುಕತೊಡಗಿದ. ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದ ಹೊತ್ತು ಜಂಕ್ ತೆರೆದು ಒಂದೊಂದೇ ಸಾಲು ಇಳಿಯುತ್ತಿದ್ದ. ಮೊದಮೊದಲು ಅಸಹ್ಯ, ಆಮೇಲೆ ರೂಢಿ. ಆ ಪತ್ರಗಳೆಲ್ಲ ಎಷ್ಟು ಸಲಿಗೆಯಿಂದ ಅವನ ಬಯಕೆಗಳನ್ನು ಊಹಿಸುತ್ತಿದ್ದವೆಂದರೆ ಕೆಲವೊಮ್ಮೆ ಮನೆಯವರಿಗಿಂತ ಇವೇ ತನ್ನನ್ನು ವಿಚಾರಿಸುತ್ತಿವೆ ಅನ್ನಿಸುತ್ತಿತ್ತು. ಹೋದ ವಾರ ಸಾಲು ತಪ್ಪಿ ಬೆರಳು ಯಾವುದನ್ನೋ ಒತ್ತಿತು. ಚಿತ್ರವೊಂದು ಮೇಲಿನಿಂದ ಕೆಳಕ್ಕೆ ಬಿಡಿಸಿಕೊಳ್ಳತೊಡಗಿತು. ಮೊದಲು ಹೊಂಬಣ್ಣದ ಕೂದಲು, ಆಮೇಲೆ ಹಣೆ. ಮುಚ್ಚಲು ಹೋದರೆ ಯಂತ್ರ ಸೆಟೆದುಕೊಂಡಿತು. ಕಣ್ಣು, ತುಟಿ, ಭುಜ. ಬಾಗಿಲಲ್ಲಿ ಬಕ್ಕೇಶ, ಕೈಯಲ್ಲಿ ಮೆಣಸಿನಕಾಯಿ ಮಂಡಕ್ಕಿಯ ಪೊಟ್ಟಣ. ಇಬ್ಬರೂ, ಆ ಹೆಂಗಸು ಮೊಣಕಾಲಿನವರೆಗೆ ಇಳಿದು ಬರುವುದನ್ನು, ಬಸ್ಸಿಗೆ ಕಾಯುವವರಂತೆ, ನೋಡಿದರು.

"ಇರ್ಲಿ ಬಿಡ್ರಿ ಭಾವ," ಅಂದ ಬಕ್ಕೇಶ. "ಮಂಡಕ್ಕಿ ಮೆತ್ತಗಾಗ್ತಾವೆ, ತಿನ್ರಿ."

ಅದಲ್ಲ, ನಾನು ಬೇರೇನೋ ಹುಡುಕುತ್ತಿದ್ದೆ ಎಂದು ಹೇಳಬಹುದಿತ್ತು. ಏನು ಹುಡುಕುತ್ತಿದ್ದೆ ಎಂಬುದು ಮುಂದಿನ ಪ್ರಶ್ನೆ. ಮಾಲತೇಶ ಮಂಡಕ್ಕಿಗೆ ಕೈ ಹಾಕಿದ. ಅವನಿಗೇ ಅಚ್ಚರಿಯಾಗುವಂತೆ ಒಳಗೆ ಸಣ್ಣ ನೆಮ್ಮದಿ: ಈ ಹೊಲಸಿನ ಹಿಂದೆ ಅಡಗಿಕೊಳ್ಳಬಹುದು. ಹೊಲಸು ನೋಡಿದ ಅಳಿಯನನ್ನು ಕ್ಷಮಿಸುತ್ತಾರೆ. ಬಿಟ್ಟುಹೋಗುವ ಅಳಿಯನನ್ನು ಏನು ಮಾಡುತ್ತಾರೋ ಅವನಿಗೆ ಗೊತ್ತಿರಲಿಲ್ಲ. ಅಂದು ರಾತ್ರಿಯ ಊಟಕ್ಕೆ ಹಾಲೇಶಪ್ಪ ತಟ್ಟೆಯಿಂದ ಕಣ್ಣೆತ್ತದೆ, "ನಿಮಗೆ ಕಣ್ಣಿಗೆ ಕೆಲಸ ಜಾಸ್ತಿ ಆಗೈತೆ ಮಾಲತೇಶಪ್ಪ. ಎರಕದ ಶೆಡ್ ಕಡೆ ನೋಡ್ಕಳ್ರಿ. ಕಂಪ್ಯೂಟರು ಬಕ್ಕೇಶ ಮಾಡ್ಲಿ, ಮಧ್ಯಾಹ್ನ ವಾಣಿ ಹೋಗ್ತಾಳೆ, ಅವಳೂ ಕೋರ್ಸು ಕಲ್ತಾಳಲ್ಲ," ಅಂದರು. ಅತ್ತೆ ಅವನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದರು.

ಕೋಣೆಯಲ್ಲಿ ವಾಣಿ ಕೇಳಿದಳು, "ಅಲ್ಲಿ ಏನು ಹುಡುಕ್ತಿದ್ರಿ?"

"ಏನಿಲ್ಲ."

"ಬಕ್ಕೇಶ ಹೇಳಿದ್ದನ್ನ ನಾನು ನಂಬಿಲ್ಲ. ನಿಮಗೆ ಬೇಕಾಗಿದ್ದು ಅದಲ್ಲ."

ಅವನು ಗೋಡೆಯ ಕಡೆ ತಿರುಗಿ ಮಲಗಿದ್ದ. ಅವಳ ಮಾತಿನಲ್ಲಿ ಆಪಾದನೆ ಇದ್ದಿದ್ದರೆ ತಿರುಗುತ್ತಿದ್ದನೇನೋ.

ಹರಿಹರದ ಬಸ್ಸಿಳಿದು ಮನೆ ಸೇರಿದಾಗ ದೀಪ ಹಚ್ಚುವ ಹೊತ್ತು. ಮಹಡಿಯ ಕೋಣೆಯಲ್ಲಿ ವಾಣಿ ಅಟ್ಟದ ಮೇಲಿನ ಟ್ರಂಕನ್ನು ಕೆಳಗಿಳಿಸಿ, ಒಳಗೆ ಹಳೆಯ ಪೇಪರು ಹಾಸುತ್ತಿದ್ದಳು. ಅವಳು ತವರಿನಿಂದ ತಂದ ಟ್ರಂಕಲ್ಲ. ತವರೇ ಇದಾದ್ದರಿಂದ ಅವಳೇನೂ ತಂದಿರಲಿಲ್ಲ. ಮದುವೆಯಾಗಿ ಈ ಮನೆಗೆ ಬರುವಾಗ ಅವನು ತಂದದ್ದು. ಮುಚ್ಚಳದ ಮೇಲೆ ಬಿಳಿ ಬಣ್ಣದಲ್ಲಿ ಅವನ ಹೆಸರು, ಹಾಸ್ಟೆಲ್ಲಿನ ಕೋಣೆಯ ನಂಬರು.

"ಏನಿದು?"

"ಜಿರಲೆ ಆಗಿದ್ವು. ಡಾಂಬರು ಗುಳಿಗೆ ಹಾಕಿದೀನಿ." ಪೇಪರಿನ ಅಂಚನ್ನು ಒತ್ತಿ ಕೂರಿಸುತ್ತ, "ನಿಮ್ಮ ಸ್ವೆಟರ್ ಎಲ್ಲೈತ್ರಿ?"

"ಯಾಕ?"

"ಸುಮ್ನೆ ಕೇಳ್ದೆ."

ಅವಳ ಮುಖದಲ್ಲಿ ಯಾವುದೋ ಹಗುರ. ಹರಿಹರಕ್ಕೆ ಯಾಕೆ ಹೋಗಿದ್ದೆ ಎಂದು ಕೇಳಲಿಲ್ಲ, ಅದಕ್ಕೆ ಕಟ್ಟಿಕೊಂಡು ಬಂದಿದ್ದ ಉತ್ತರ ಅವನ ಬಾಯಲ್ಲೇ ಉಳಿಯಿತು. ಈ ಹಗುರವನ್ನು ಯಾಕೋ ಅವನಿಗೆ ಸಹಿಸಲಾಗಲಿಲ್ಲ. ತನಗೆ ಗೊತ್ತಿಲ್ಲದ ಸಂತೋಷವೊಂದು ಈ ಕೋಣೆಯಲ್ಲೇ ನಡೆಯುತ್ತಿದೆ ಅನ್ನಿಸಿ, ಸ್ವೆಟರು ಎಲ್ಲಿದೆಯೆಂದು ಗೊತ್ತಿದ್ದರೂ ಗೊತ್ತಿಲ್ಲ ಅಂದ.

ಮರುದಿನ ಶುಕ್ರವಾರ. ಶುಕ್ರವಾರ ಕಾರ್ಖಾನೆಯಲ್ಲಿ ಪೂಜೆ. ಲೇತು, ಡ್ರಿಲ್ಲು, ತಕ್ಕಡಿಗೆಲ್ಲ ಆರತಿ ಎತ್ತಿ ಕೊನೆಗೆ ಆಫೀಸಿಗೆ ಬರುವುದು ರೂಢಿ. ವಾಣಿಯ ಕೈಯಲ್ಲಿ ಆರತಿ ತಟ್ಟೆ, ಅವಳ ಹಿಂದೆ ಅತ್ತೆ. ತೆಂಗಿನಕಾಯಿ ಒಡೆದ ಬಕ್ಕೇಶನ ಕೈಯೆಲ್ಲ ನೀರು. ಹಾಲೇಶಪ್ಪ ಕುರ್ಚಿಯ ಬೆನ್ನು ಹಿಡಿದು, ಎಲ್ಲರೂ ಕೇಳುವಂತೆ, "ಮಾಲತೇಶಪ್ಪ, ಬರ್ರಿ, ಕೂಡ್ರಿ. ಇವತ್ತು ನೀವೇ ತೆಗೀರಿ," ಅಂದರು. ಅದು ಕ್ಷಮೆ. ಕುರ್ಚಿಯನ್ನು ಅವರೇ ಎಳೆದುಕೊಟ್ಟರು. ಅವನು ಕೂತ ಮೇಲೆ ಬಕ್ಕೇಶ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು, "ಒಂದ್ ನಿಮಿಷ ಭಾವ," ಎಂದು ಅವನ ಮೇಲೆ ಬಾಗಿ, ಒಂದು ಕೈ ಅಡ್ಡ ಹಿಡಿದು ಇನ್ನೊಂದರಿಂದ ಪಾಸ್‌ವರ್ಡ್ ಒತ್ತಿದ. ಮಾಲತೇಶ ತಾನಾಗಿ ಗೋಡೆಯ ಕಡೆ ಮುಖ ತಿರುಗಿಸಿಕೊಟ್ಟ. ಗೋಡೆಯ ಮೇಲೆ ಬೇಕಾದವರ ಪಟ್ಟಿ ಇತ್ತು.

ಇನ್‌ಬಾಕ್ಸು ತೆರೆಯಿತು. ಒಂದೇ ಒಂದು ಹೊಸ ಪತ್ರ, ದಪ್ಪಕ್ಷರದಲ್ಲಿ. ಕೊಲ್ಲಾಪುರದ ಫೌಂಡ್ರಿಯಿಂದ. ವಿಷಯ: ಜ್ಞಾಪನೆ, ನಿಮ್ಮ ಉತ್ತರಕ್ಕಾಗಿ.

ಅವನಿಗೆ ಮೊದಲು ಆದದ್ದು ಭಯವಲ್ಲ. ಎದೆಯಲ್ಲಿ ಏನೋ ಎದ್ದು ನಿಂತಂತಾಯಿತು. ಕೆಲಸ ಸಿಕ್ಕಿದೆ. ನೆನಪಿಸುತ್ತಿದ್ದಾರೆಂದರೆ ಮೊದಲೊಂದು ಪತ್ರ ಬಂದಿತ್ತು, ಅವರು ಕಾಯುತ್ತಿದ್ದಾರೆ, ದೂರದ ಒಂದು ಊರಿನಲ್ಲಿ ಯಾರೋ ತನಗಾಗಿ ಕಾಯುತ್ತಿದ್ದಾರೆ. ಆಮೇಲೆ ಹೊಳೆಯಿತು: ಇದು ಜಂಕಿನಲ್ಲಿಲ್ಲ, ಇಲ್ಲಿದೆ, ಮುಂದಿನ ಬಾಗಿಲಿಂದ ಬಂದಿದೆ.

"ಕೊ-ಲ್ಹಾ-ಪುರ," ಎಂದು ಮಾವ ಓದಿದರು. "ಕೊಲ್ಲಾಪುರದಾಗ ನಮಗೆ ಬೇಕಾದೋರು ಯಾರೂ ಇಲ್ಲಲ್ಲ?"

"ಪಟ್ಟಿಯಾಗ ಇದ್ರಷ್ಟೇ ಒಳಗ ಬರೋದು ಅಪ್ಪಾಜಿ," ಎಂದ ಬಕ್ಕೇಶ ಕೈ ಚಾಚಿ ಅಡ್ರೆಸ್ ಬುಕ್ ತೆರೆದ. ನಾಸಿಕ, ಇಂದೋರು, ಬೀಗರು, ಮಠ, ತೀರಿಕೊಂಡ ಗೆಳೆಯರು. ಎಲ್ಲರ ಕೆಳಗೆ, ಅಚ್ಚಾದ ಪಟ್ಟಿಯಲ್ಲಿಲ್ಲದ ಹೊಸ ಸಾಲು. ವಿಳಾಸ ಕೊಲ್ಲಾಪುರದ್ದು. ಹೆಸರಿನ ಜಾಗದಲ್ಲಿ: ಹರಿಹರದ ಕಡೆಯವರು.

ಅವನು ತಲೆಯೆತ್ತಿದ. ಆರತಿಯ ತಟ್ಟೆ ಹಿಡಿದು ವಾಣಿ ಅವನನ್ನೇ ನೋಡುತ್ತಿದ್ದಳು. ಕರ್ಪೂರ ಉರಿದು ಮುಗಿಯುತ್ತ ಬಂದಿತ್ತು. ಅವಳು ಆ ಹೊಲಸಿನ ನಡುವೆ ಕೂತು ಗಂಡ ಹುಡುಕುತ್ತಿದ್ದದ್ದನ್ನು ಹುಡುಕಿದ್ದಳು. ಸಿಕ್ಕಿದ್ದನ್ನು ಓದಿದ್ದಳು. ಮುಂದಿನದು ದಾರಿ ತಪ್ಪದಿರಲೆಂದು ಬಾಗಿಲಲ್ಲಿ ಹೆಸರು ಬರೆದಿಟ್ಟಿದ್ದಳು. ಅವನಿಗೆ ಹೇಳಿರಲಿಲ್ಲ; ಅವನೇ ಹೇಳಲೆಂದು ಕಾದಿದ್ದಳು. ಟ್ರಂಕು. ಸ್ವೆಟರು.

"ನಿಮ್ಮ ಮನೆ ಕಡೇದೇನ್ರಿ?" ಹಾಲೇಶಪ್ಪ ಕೇಳಿದರು. ದನಿಯಲ್ಲಿ ಅನುಮಾನವಿರಲಿಲ್ಲ, ಬದಲು ಒಂಥರಾ ಖುಷಿ ಇತ್ತು, ಕಡೆಗೂ ಅಳಿಯ ತನ್ನ ಕಡೆಯವರೊಬ್ಬರನ್ನು ಸೇರಿಸಿದನಲ್ಲ ಎಂಬಂತೆ. "ಇದ್ರೆ ಹೇಳ್ರಿ ಮತ್ತೆ. ಓದ್ರಿ, ನಾವೂ ಕೇಳ್ತೀವಿ. ಒಳ್ಳೇ ದಿನ."

ಹೌದು ಮಾವ. ಎರಡು ಶಬ್ದ. ಅತ್ತೆ ಕುಂಕುಮದ ಬಟ್ಟಲು ಹಿಡಿದು ನಿಂತಿದ್ದಾರೆ, ಶೆಡ್ಡಿನ ಬಾಗಿಲಲ್ಲಿ ಕೆಲಸಗಾರರು ಪ್ರಸಾದಕ್ಕೆ ಕಾದಿದ್ದಾರೆ, ಮಾವನ ಕೈ ಭುಜದ ಮೇಲಿದೆ, ಬೆಚ್ಚಗಿದೆ. ಆ ಕೈಯನ್ನು ಅವರು ಸಿಟ್ಟಿನಿಂದ ತೆಗೆಯಲಾರರು. ನಿಧಾನವಾಗಿ ತೆಗೆದು, ಏನಾತು ಬಿಡ್ರಿ, ನಮ್ಮಿಂದ ಏನು ತಪ್ಪಾತು ಅಂತ ಹೇಳಿಹೋಗ್ರಿ ಎನ್ನುತ್ತಾರೆ. ಹೇಳಲು ಒಂದು ತಪ್ಪೂ ಇಲ್ಲ.

"ಇಲ್ಲ ಮಾವ," ಅಂದ ಮಾಲತೇಶ. "ಬ್ಯಾಡದ್ದು. ಹೆಂಗೋ ಒಳಗ ಬಂದೈತೆ."

ಅವನ ಕೈಗೆ ಎಲ್ಲ ಗೊತ್ತಿತ್ತು. ಪಟ್ಟಿಯ ಕೊನೆಯ ಸಾಲನ್ನು ಅಳಿಸಿತು, ಪತ್ರವನ್ನು ತೆರೆಯದೆ ಗುರುತು ಮಾಡಿತು, ಇವರಿಂದ ಇನ್ನು ಮುಂದೆ ಏನೂ ಬಾರದಂತೆ ತಡೆಯುವ ಗುಂಡಿಗೆ ಹೋಯಿತು. ಖಚಿತವೇ ಎಂದು ಕಂಪ್ಯೂಟರು ಕೇಳಿತು. ವಾಣಿ ತಟ್ಟೆಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದಳು. ಅವನು ಒತ್ತಿದ.

"ಎಷ್ಟು ಬಂದೋಬಸ್ತ್ ಮಾಡಿದ್ರೂ ಹೊಲಸು ನುಗ್ತೈತೆ ನೋಡ್ರಿ," ಎಂದು ಹಾಲೇಶಪ್ಪ ಭುಜ ತಟ್ಟಿದರು. ವಾಣಿ ಮುಂದೆ ಬಂದು, ಬಾಗಿ, ಕಂಪ್ಯೂಟರಿನ ಗಾಜಿಗೆ ಕುಂಕುಮ ಹಚ್ಚಿದಳು. ಅವಳ ತೋಳು ಅವನ ಕಿವಿಗೆ ತಾಗಿತು. ಎಲ್ಲರೂ ಆರತಿಗೆ ಕೈ ಚಾಚಿದರು, ಅವನೂ ಚಾಚಿದ. ಅವನ ಮುಂದೆ ತಟ್ಟೆ ಬಂದಾಗ ಕರ್ಪೂರ ಆರಿತ್ತು.

ಮಧ್ಯಾಹ್ನವಿಡೀ ಎರಕದ ಶೆಡ್ಡಿನಲ್ಲಿ ಪುಲ್ಲಿಗಳನ್ನು ಬಡಿದು ಬಡಿದು ಬಿರುಕಿನ ಸದ್ದು ಕೇಳುತ್ತ ನಿಂತಿದ್ದ. ಆ ವಿಳಾಸ ಬಾಯಿಪಾಠವಿತ್ತು. ಸಂಜೆ ಹರಿಹರಕ್ಕೆ ಹೋಗಿ, ಲಾಲ್ ಸಾಬನ ಅಂಗಡಿಯಲ್ಲಿ ಹೊಸ ಹೆಸರು ತೆರೆದು, ಬರುತ್ತೇನೆ ಎಂದು ಬರೆಯಬಹುದು. ಆ ಯೋಚನೆ ಬಂದ ಕ್ಷಣದಲ್ಲೇ ತಾನು ಬರೆಯುವುದಿಲ್ಲವೆಂಬುದೂ ಅದರ ಬೆನ್ನಿಗೇ ಬಂತು, ಎರಡೂ ಒಂದೇ ಎತ್ತಿನಗಾಡಿಯಲ್ಲಿ ಕೂತು ಬಂದ ಹಾಗೆ.

ಸಂಜೆ ಕೋಣೆಗೆ ಬಂದಾಗ ಟ್ರಂಕು ಮಂಚದ ಮೇಲಿತ್ತು, ಬಾಯಿ ತೆರೆದು. ವಾಣಿ ಒಳಗಿಂದ ಒಂದೊಂದೇ ತೆಗೆದು ಕಪಾಟಿಗೆ ಇಡುತ್ತಿದ್ದಳು. ಅವಳ ನಾಲ್ಕು ದಿನಬಳಕೆಯ ಸೀರೆ. ಅವನ ಪ್ಯಾಂಟುಗಳು. ಸ್ಟೀಲಿನ ಎರಡು ತಟ್ಟೆ, ಎರಡು ಲೋಟ, ಎರಡಕ್ಕಿಂತ ಹೆಚ್ಚು ಯಾವುದೂ ಇರಲಿಲ್ಲ. ಅವನ ಮಾರ್ಕ್ಸ್ ಕಾರ್ಡುಗಳ ಪ್ಲಾಸ್ಟಿಕ್ ಕವರು. ಎಲ್ಲಕ್ಕೂ ಕೆಳಗೆ ಮಡಚಿದ ಸ್ವೆಟರು. ಅವನು ಗೊತ್ತಿಲ್ಲವೆಂದರೂ ಅವಳು ಹುಡುಕಿಕೊಂಡಿದ್ದಳು.

ಅವನು ಬಾಗಿಲಲ್ಲೇ ನಿಂತ.  ಬೈದಿದ್ದರೆ, ಅತ್ತಿದ್ದರೆ, ಅವನಿಗೆ ಹಿಡಿದುಕೊಳ್ಳಲು ಏನಾದರೂ ಸಿಗುತ್ತಿತ್ತು. ಅವಳು ಪೇಪರುಗಳನ್ನು ಮಡಚಿ, ಡಾಂಬರು ಗುಳಿಗೆಗಳನ್ನು ಆರಿಸಿ ತೆಗೆದು, ಮುಚ್ಚಳ ಹಾಕಿ ಚಿಲಕ ಸಿಕ್ಕಿಸಿದಳು.

"ಮ್ಯಾಲಿಟ್ಟುಬಿಡ್ರಿ," ಅಂದಳು. "ನಂಗೆ ಎಟಕಲ್ಲ."

ಅವನು ಕಾಲು ಅಗಲಿಸಿ ನಿಂತು, ಭಾರಕ್ಕೆ ಮೈ ಬಿಗಿಹಿಡಿದು ಎತ್ತಿದ. ಖಾಲಿ ಟ್ರಂಕು ಅವನು ಹಾಕಿದ ಬಲಕ್ಕೆ ಗಾಳಿಯಲ್ಲಿ ಹಾರಿಬಂದು ಅಟ್ಟದ ಅಂಚಿಗೆ ಬಡಿಯಿತು. ಆ ಸದ್ದು ಮನೆಯೆಲ್ಲ ತುಂಬಿತು.

"ಏನವ್ವ ಅದು ಸದ್ದು?" ಕೆಳಗಿನಿಂದ ಹಾಲೇಶಪ್ಪ ಕೂಗಿದರು.

ವಾಣಿ ಕಪಾಟಿನ ಬಾಗಿಲು ಮುಚ್ಚಿದಳು. ಅವನ ಕಡೆ ನೋಡಲಿಲ್ಲ.

"ಏನಿಲ್ಲ ಅಪ್ಪಾಜಿ," ಅಂದಳು.